ಜಿಪ್ಸಿಯ ಶಾಕ್ ಬಿಚ್ಚಿ ಕಟ್ಟಿದ ಐದು ತಿಂಗಳು

ಮೂಡಿಗೆರೆ ಸೀಮೆಯ ನಮ್ಮ ತೋಟಕ್ಕೆ ಟಾರು ರಸ್ತೆ ಬಿಟ್ಟ ಮೇಲೆ ಮೂರೂವರೆ ಕಿಲೋಮೀಟರ್ ಕಚ್ಚಾ ದಾರಿ. ಜುಲೈನಲ್ಲಿ ನೋಡಿದವರು ಅದನ್ನು ದಾರಿ ಅನ್ನುವುದಿಲ್ಲ, ಹಳ್ಳ ಅನ್ನುತ್ತಾರೆ. ಅದಕ್ಕಾಗಿಯೇ ಇಟ್ಟುಕೊಂಡಿರುವುದು 2012ರ ಮಾರುತಿ ಜಿಪ್ಸಿ. ಗೊಬ್ಬರದ ಮೂಟೆ, ಕಾಫಿ ಹಣ್ಣಿನ ಚೀಲ, ಆಳುಗಳು, ಒಂದೆರಡು ಸಲ ಕರು, ಎಲ್ಲ ಅದರಲ್ಲೇ. ನಾಲ್ಕೂ ಕಡೆ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಇರುವ ಗಾಡಿ; ಖಾಲಿ ಇದ್ದಾಗ ಅದು ಕುಣಿಯುವ ಪರಿ ಓಡಿಸಿದವರಿಗೇ ಗೊತ್ತು. ಆ ಕುಣಿತ ತಾಳಲಾರದೆ 2021ರ ಮಾರ್ಚ್‌ನಲ್ಲಿ ಹೊರದೇಶದ, ಎರಡಿಂಚು ದಪ್ಪದ, ಬಿಚ್ಚಿ ಕಟ್ಟಬಹುದಾದ ಮಾನೋಟ್ಯೂಬ್ (ಒಂದೇ ಕೊಳವೆಯ) ಶಾಕ್, ಅಂದರೆ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್, ನಾಲ್ಕು ಹಾಕಿಸಿದ್ದೆ. ‘ಬಿಚ್ಚಿ ಕಟ್ಟಬಹುದು’ ಅನ್ನುವ ಮಾತು ಕೊಳ್ಳುವಾಗ ಕಿವಿಗೆ ಇಂಪಾಗಿತ್ತು. ಬಿಚ್ಚುವವರು ಯಾರು, ಕಟ್ಟುವವರು ಯಾರು ಅಂತ ಆಗ ಯೋಚಿಸಿರಲಿಲ್ಲ.

ನಾಲ್ಕು ಮಳೆಗಾಲ ಕಳೆಯಿತು. 2024ರ ಡಿಸೆಂಬರ್‌ನಲ್ಲಿ, ಅರೇಬಿಕಾ ಕುಯ್ಲು ಜೋರಾಗಿದ್ದಾಗ, ಗಾಡಿಯ ನಡಿಗೆ ಬದಲಾದದ್ದು ಗೊತ್ತಾಯಿತು. ಬೆಳಿಗ್ಗೆ ಹೊರಟಾಗ ಚೆನ್ನಾಗಿರುತ್ತಿತ್ತು. ಎರಡು ಮೂರು ಟ್ರಿಪ್ ಹೊಡೆದ ಮೇಲೆ ಮುಂಭಾಗ ಗುಂಡಿಯಲ್ಲಿ ಇಳಿದು, ಎದ್ದು, ಮತ್ತೆ ಇಳಿದು, ಮತ್ತೆ ಏಳುತ್ತಿತ್ತು. ಬ್ರೇಕ್ ಒತ್ತಿದರೆ ಮೂತಿ ನೆಲ ಮೂಸುತ್ತಿತ್ತು. ತೋಟದ ಲೆಕ್ಕ, ಉಸ್ತುವಾರಿ ನೋಡುವ ರೈಟರ್ ಒಂದು ದಿನ ಕೇಳಿಯೇಬಿಟ್ಟರು: ‘ಅಣ್ಣ, ಈ ಗಾಡಿ ಮೊದಲಿನ ಥರ ಆಗ್ತಾ ಇದೆ ಅಲ್ವಾ?’ ನಾನು ಟೈರಿನ ಗಾಳಿ ಜಾಸ್ತಿಯಾಗಿದೆ ಅಂದೆ. ಎಪ್ಪತ್ತು ಸಾವಿರ ಕೊಟ್ಟು ತಂದ ವಸ್ತು ಕೆಟ್ಟಿದೆ ಅಂತ ಒಪ್ಪಲು ಮನಸ್ಸು ಬೇಗ ಬರುವುದಿಲ್ಲ ಮಾರಾಯ್ರೇ.

ಕೊನೆಗೆ ಒಂದು ಭಾನುವಾರ ಪರೀಕ್ಷೆ ಮಾಡಿದೆ. ನೀವೂ ಮಾಡಬಹುದು, ಖರ್ಚಿಲ್ಲ. ಒರಟು ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿ, ನಿಲ್ಲಿಸಿ, ತಕ್ಷಣ ನಾಲ್ಕೂ ಶಾಕ್ ಮುಟ್ಟಿ ನೋಡುವುದು. ಶಾಕ್‌ನ ಕೆಲಸವೇ ಕುಲುಕಾಟವನ್ನು ಶಾಖ ಮಾಡಿ ಗಾಳಿಗೆ ಬಿಡುವುದು. ಆದ್ದರಿಂದ ಚೆನ್ನಾಗಿ ದುಡಿಯುತ್ತಿರುವ ಶಾಕ್ ಬಿಸಿಯಾಗಿರಬೇಕು, ಸತ್ತದ್ದು ತಣ್ಣಗಿರುತ್ತದೆ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯಲು ತಂದಿದ್ದ ಥರ್ಮಾಮೀಟರ್ ಗನ್ ಮನೆಯಲ್ಲಿತ್ತಲ್ಲ ಅಂತ ಅದನ್ನು ಒಯ್ದೆ. ಶಾಕ್‌ಗೆ ಹಿಡಿದರೆ ‘ಹೈ’ ಅಂತ ತೋರಿಸಿ ಕೀಂ ಅಂತು, ಅದಕ್ಕೆ ಗೊತ್ತಿರುವುದು ಮನುಷ್ಯರ ಜ್ವರ ಮಾತ್ರ. ಕೈಯೇ ಸಾಕಾಯಿತು. ಮೂರು ಶಾಕ್ ಬಿಸಿ, ಮುಂದಿನ ಎಡಗಡೆಯದು ಉಗುರು ಬೆಚ್ಚಗೆ. ಬಗ್ಗಿ ನೋಡಿದರೆ ಅದರ ಮೈಮೇಲೆ ಎಣ್ಣೆಗೆ ಅಂಟಿದ ಕೆಮ್ಮಣ್ಣು ಹೆಪ್ಪುಗಟ್ಟಿ ಕೂತಿತ್ತು. ಒಳಗೆ ಹೊರಗೆ ಆಡುವ ಸರಳು, ಅಂದರೆ ಶಾಫ್ಟಿನ ಮೇಲೆ ತೆಳ್ಳಗೆ ಪಸೆ ಇದ್ದರೆ ಹೆದರಬೇಕಾಗಿಲ್ಲ, ಎಣ್ಣೆ ಹೊರಬರದಂತೆ ತಡೆಯುವ ಸೀಲಿಗೆ ಅಷ್ಟು ಜಿಡ್ಡು ಬೇಕು. ಆದರೆ ಎಣ್ಣೆ ಮೈಮೇಲೆ ಇಳಿದು ಮಣ್ಣು ಹಿಡಿದಿದ್ದರೆ ಅದು ಸೋರಿಕೆಯೇ.

ಹಾಸನದ ಒಂದು ಶಾಕ್ ರಿಪೇರಿ ಅಂಗಡಿಗೆ ಹೋದೆ. ಅಲ್ಲಿ ಇಪ್ಪತ್ತು ಮೂವತ್ತು ಶಾಕಪ್ಸರ್ ಸಾಲಾಗಿ ಕೂತಿದ್ದವು, ಎಲ್ಲದರ ಹೊಟ್ಟೆಗೂ ಒಂದೊಂದು ನಟ್ ವೆಲ್ಡ್ ಮಾಡಿದ್ದರು. ‘ಸಾರ್, ತೂತು ಹೊಡೆದು ಹಳೇ ಆಯಿಲ್ ತೆಗೆದು ಹೊಸದು ತುಂಬಿ ಕೊಡ್ತೀನಿ, ಸಾಯಂಕಾಲ ತಗೊಂಡು ಹೋಗಿ’ ಅಂದರು. ಒಂದಕ್ಕೆ ಆರುನೂರು. ಆಸೆಯಾಯಿತು. ಅದೃಷ್ಟಕ್ಕೆ ಅವರೇ ಶಾಕ್ ಕೈಗೆ ತಗೊಂಡು ತಿರುಗಿಸಿ, ತಳದಲ್ಲಿದ್ದ ಗಾಳಿ ವಾಲ್ವ್ ನೋಡಿ, ‘ಇದು ಗ್ಯಾಸಿಂದು, ನನಗೆ ಬೇಡ’ ಅಂತ ವಾಪಸ್ ಕೊಟ್ಟರು. ಅವರ ಮೇಲೆ ನನಗೆ ಗೌರವ ಬಂದದ್ದು ಆಗಲೇ.

ಕಾರಣ ಇಷ್ಟು. ಕಂಪನಿಯಿಂದ ಬರುವ ಮಾಮೂಲಿ ಶಾಕ್‌ನಲ್ಲಿ ಸಾಮಾನ್ಯವಾಗಿ ಕೊಳವೆಯೊಳಗೆ ಕೊಳವೆ ಇರುತ್ತದೆ. ಹೊರಗಿನದು ಬರೀ ಎಣ್ಣೆ ನಿಲ್ಲುವ ಜಾಗ, ಅದಕ್ಕೆ ತೂತು ಹೊಡೆದರೂ ಪಿಸ್ಟನ್‌ಗೆ ತಗಲುವುದಿಲ್ಲ. ಮಾನೋಟ್ಯೂಬ್‌ನಲ್ಲಿ ಇರುವುದೇ ಒಂದು ಕೊಳವೆ. ಪಿಸ್ಟನ್ ಅದರ ಒಳಗೋಡೆಗೆ ಉಜ್ಜಿಕೊಂಡೇ ಓಡಾಡುತ್ತದೆ. ತಳದಲ್ಲಿ ಎಣ್ಣೆ, ಗ್ಯಾಸ್ ಬೆರೆಯದಂತೆ ತಡೆಯುವ, ತೇಲುವ ಇನ್ನೊಂದು ಪಿಸ್ಟನ್, ಅದರ ಆಚೆ 200 ಪಿಎಸ್‌ಐ ಒತ್ತಡದಲ್ಲಿ ನೈಟ್ರೋಜನ್. ಡ್ರಿಲ್ ಇಟ್ಟರೆ ಶಾಕ್ ಹಾಳಾಗುವುದು ಆಮೇಲಿನ ಮಾತು, ಡ್ರಿಲ್ ಹಿಡಿದವನ ಮುಖಕ್ಕೆ ಎಣ್ಣೆ ಬಡಿಯುವುದು ಮೊದಲು.

ಹಾಗೆಯೇ ಇನ್ನೊಂದು ಮಾತು: ನಿಮ್ಮ ಗಾಡಿಯಲ್ಲಿರುವುದು ಮಾಮೂಲಿ ಶಾಕ್ ಆಗಿದ್ದರೆ ಈ ಸಾಹಸವೆಲ್ಲ ಬೇಡ. ಹೊಸದು ಹಾಕಿಸಿ ಸುಮ್ಮನಿರಿ. ತಂತಿ ರಿಂಗ್ ಕಿತ್ತು ಸೀಲ್ ಹೆಡ್ (ಸೀಲ್ ಕೂತಿರುವ ಬಾಯಿಮುಚ್ಚಳ) ತೆಗೆಯಲು ಬರುವಂತೆ ಮಾಡಿದ, ಗಾಳಿ ವಾಲ್ವ್ ಇರುವ, ಸೀಲ್ ಕಿಟ್ ಸಿಗುವ ಶಾಕ್‌ಗೆ ಮಾತ್ರ ಇದು ಅನ್ವಯ.

ಜನವರಿಯಲ್ಲಿ ನಾಲ್ಕೂ ಶಾಕ್ ಇಳಿಸಿದೆ. ರೊಬಸ್ಟಾ ಕುಯ್ಲು ಬರುತ್ತಿತ್ತು, ಗಾಡಿ ನಿಲ್ಲಿಸುವ ಹಾಗಿರಲಿಲ್ಲ. 2021ರಲ್ಲಿ ಬಿಚ್ಚಿದ್ದ ಹಳೇ ಕಂಪನಿ ಶಾಕ್‌ಗಳು ಅಟ್ಟದ ಮೇಲೆ ಅಡಿಕೆ ಹಾಳೆಗಳ ಪಕ್ಕ ಬಿದ್ದಿದ್ದವು, ಅವನ್ನೇ ಹಾಕಿದೆ. ಕಮಾನು ಎತ್ತರಿಸಿಲ್ಲದ ಕಾರಣ ಅಳತೆ ಸರಿಹೋಯಿತು. ಹಳೆಯದನ್ನು ಗುಜರಿಗೆ ಹಾಕಬೇಡಿ ಅನ್ನುವುದು ಇದಕ್ಕೇ.

ಇಳಿಸಿದ ಮೇಲೆ ಇನ್ನೊಂದು ಪರೀಕ್ಷೆ ಸುಲಭ. ನನ್ನ ಶಾಫ್ಟ್ 5/8 ಇಂಚು, ಅಂದರೆ ಹತ್ತಿರ ಹತ್ತಿರ 16 ಮಿಲಿಮೀಟರ್. ಗ್ಯಾಸ್ ಸರಿಯಾಗಿದ್ದರೆ ಅದನ್ನು 28 ಕೆಜಿಯಷ್ಟು ಬಲ ಸದಾ ಹೊರಗೆ ತಳ್ಳುತ್ತಿರುತ್ತದೆ. ಮೈಭಾರ ಹಾಕಿ ಒಳಗೆ ಒತ್ತಿ ಬಿಟ್ಟರೆ ನಿಧಾನವಾಗಿ, ಒಂದೇ ಸಮ, ತಾನೇ ಪೂರ್ತಿ ಹೊರಬರಬೇಕು. ನನ್ನವು ಮೂರು ಬಂದವು, ಅದರಲ್ಲಿ ಒಂದು ಸೋಮಾರಿಯಾಗಿ. ಮುಂದಿನ ಎಡಗಡೆಯದು ಒತ್ತಿದಲ್ಲೇ ಕೂತಿತು.

ಅದೇ ಶಾಫ್ಟಿನ ಮೇಲೆ ಉಗುರು ಎಳೆದಾಗ ಎದೆ ಧಸಕ್ಕೆಂದಿತು. ಮೂರು ಕಡೆ ಉಗುರಿಗೆ ಸಿಗುವಂಥ ಸಣ್ಣ ಸಣ್ಣ ತುಕ್ಕಿನ ಗುಳಿ. ಕಲ್ಲು ಬಡಿದು ಆದದ್ದಲ್ಲ. ಮಣ್ಣು ಕೂರದಿರಲಿ ಅಂತ ನಾನೇ ಹಾಕಿದ್ದ ರಬ್ಬರ್ ಬೂಟಿನ (ಶಾಫ್ಟಿನ ಮುಸುಕಿನ) ಒಳಗೆ ನಾಲ್ಕು ಮಳೆಗಾಲದ ಒದ್ದೆ ಕೆಸರು ಸೇರಿಕೊಂಡು, ಒಣಗದೆ, ಶಾಫ್ಟಿನ ಮೇಲಿನ ಕ್ರೋಮ್ ಲೇಪನವನ್ನು ತಿಂದಿತ್ತು. ಒಣ ಸೀಮೆಯವರು ಬೂಟ್ ಹಾಕಿಕೊಳ್ಳಲಿ, ಮಲೆನಾಡಿನಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಸ್ನೇಹಿತರು ಇದ್ದಾರೆ. ಪ್ರೆಷರ್ ವಾಷರ್ ನಳಿಗೆಯನ್ನು ನೇರ ಸೀಲಿಗೆ ಹಿಡಿಯುವ ಚಟವೂ ನನಗಿತ್ತು, ಅದನ್ನೂ ಬಿಟ್ಟೆ.

ಗುಳಿ ಬಿದ್ದ ಶಾಫ್ಟಿಗೆ ಹೊಸ ಸೀಲ್ ಹಾಕಿದರೆ ತಿಂಗಳೊಪ್ಪತ್ತಿನಲ್ಲಿ ಅದನ್ನೂ ಕೊಯ್ದುಹಾಕುತ್ತದೆ. ಆದ್ದರಿಂದ ಎಷ್ಟು ಸಾವಿರ ಕಿಲೋಮೀಟರ್‌ಗೆ ಬಿಚ್ಚಬೇಕು ಅಂತ ಯಾರಾದರೂ ಕೇಳಿದರೆ ನಾನು ಕಿಲೋಮೀಟರ್ ಹೇಳುವುದಿಲ್ಲ. ನನ್ನದು ನಾಲ್ಕು ವರ್ಷದಲ್ಲಿ ಓಡಿದ್ದೇ 31,000. ಅಷ್ಟನ್ನು ಹೆದ್ದಾರಿಯಲ್ಲಿ ಓಡಿಸಿದ್ದರೆ ಏನೂ ಆಗುತ್ತಿರಲಿಲ್ಲ. ನಮ್ಮ ಕಡೆ ಎರಡು ಮಳೆಗಾಲಕ್ಕೊಮ್ಮೆ ಬಿಚ್ಚಬೇಕು. ಸೋರುವವರೆಗೆ ಕಾದರೆ ಸೀಲಿನ ಖರ್ಚಿಗೆ ಶಾಫ್ಟಿನ ಖರ್ಚೂ ಸೇರುತ್ತದೆ.

ನಾಲ್ಕು ಸೀಲ್ ಕಿಟ್ ತರಿಸಿದೆ. ಕೊರಿಯರ್ ತೋಟಕ್ಕೆ ಬರುವುದಿಲ್ಲ, ಹಾಗಾಗಿ ಹಾಸನದಲ್ಲಿರುವ ಭಾವನ ಮನೆ ವಿಳಾಸ ಕೊಟ್ಟೆ. ಅದೇ ತಪ್ಪಾಯಿತು. ಪಾರ್ಸೆಲ್ ಒಂದು ವಾರದಲ್ಲಿ ಬೆಂಗಳೂರು ಮುಟ್ಟಿ ಕಸ್ಟಮ್ಸ್‌ನಲ್ಲಿ ಕೂತಿತು. ಕೆವೈಸಿ ಕೇಳಿದರು, ಆಧಾರ್ ಕಳಿಸಿದೆ. ಆಧಾರಿನಲ್ಲಿರುವುದು ತೋಟದ ವಿಳಾಸ, ಪಾರ್ಸೆಲ್ ಮೇಲಿರುವುದು ಹಾಸನದ್ದು, ಹೊಂದುತ್ತಿಲ್ಲ ಅಂದರು. ಭಾವನ ಮನೆಯ ಕರೆಂಟ್ ಬಿಲ್, ಅವರದೊಂದು ಪತ್ರ, ನನ್ನ ಪ್ಯಾನ್, ಇದು ಸ್ವಂತ ಬಳಕೆಗೆ ಅಂತ ನನ್ನ ಸಹಿ ಮಾಡಿದ ಕಾಗದ, ಹಣ ಕಟ್ಟಿದ ಪುರಾವೆ, ಒಂದೊಂದಕ್ಕೂ ಎರಡೆರಡು ದಿನ. ಒಟ್ಟು ಹನ್ನೊಂದು ದಿನ ಫೋನಿನಲ್ಲಿ ಸಂಗೀತ ಕೇಳಿದೆ. ನೀವು ತರಿಸುವಾಗ ಆಧಾರಿನಲ್ಲಿರುವ ವಿಳಾಸವನ್ನೇ ಕೊಡಿ, ಕೊರಿಯರ್ ಬರದಿದ್ದರೆ ಅವರ ಆಫೀಸಿಗೇ ಹೋಗಿ ಬಿಡಿಸಿಕೊಳ್ಳಿ. ಸ್ವಂತ ಬಳಕೆಗೆ ಅಂತ ಬರೆದುಕೊಟ್ಟರೆ ವ್ಯಾಪಾರಸ್ಥರ ಐಇಸಿ (ಆಮದು-ರಫ್ತು ಕೋಡ್) ನಂಬರ್ ಬೇಕಾಗುವುದಿಲ್ಲ. ಅದನ್ನು ಮಾಡಿಸಿಕೊಡುತ್ತೇನೆ ಅಂತ ಮಧ್ಯವರ್ತಿಯೊಬ್ಬರು ನನಗೆ ಸಾವಿರಾರು ರೂಪಾಯಿ ಹೇಳಿದ್ದರು.

ಕಾಯುವ ಹೊತ್ತಿನಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ್ದೆ. ಶಾಕ್‌ನ ಮೈಮೇಲಿದ್ದ ಪಾರ್ಟ್ ನಂಬರ್ ಬರೆದು, ತೇಲುವ ಪಿಸ್ಟನ್ ಎಷ್ಟು ಆಳದಲ್ಲಿ ಕೂರಬೇಕು ಅಂತ ತಯಾರಕರಿಗೆ ಮೇಲ್ ಹಾಕಿದ್ದೆ. ಒಂಬತ್ತನೇ ದಿನ ಉತ್ತರ ಬಂತು. ಆ ಅಳತೆ ಇಲ್ಲದೆ ಬಿಚ್ಚಲೇಬೇಡಿ. ಎಣ್ಣೆ ತೆಗೆದ ಕೂಡಲೇ ಆ ಪಿಸ್ಟನ್ ಜಾಗ ಬಿಟ್ಟು ಸರಿಯುತ್ತದೆ, ಆಮೇಲೆ ಮೊದಲು ಎಲ್ಲಿತ್ತು ಅಂತ ದೇವರೇ ಹೇಳಬೇಕು. ನನ್ನ ಅಳತೆ ಇಲ್ಲಿ ಬರೆಯುವುದಿಲ್ಲ, ನಿಮ್ಮ ಶಾಕ್‌ನದು ಬೇರೆಯೇ ಇರುತ್ತದೆ.

ಫೆಬ್ರವರಿ ಕೊನೆಗೆ ಬಿಚ್ಚಲು ಕೂತೆ. ಮೊದಲು ಮೈಯೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದೆ, ಒಂದು ಹರಳು ಮರಳು ಒಳಹೊಕ್ಕರೆ ಮಾಡಿದ್ದೆಲ್ಲ ವ್ಯರ್ಥ. ಆಮೇಲೆ ವಾಲ್ವಿನ ಪಿನ್ ಒತ್ತಿ ನೈಟ್ರೋಜನ್ ಪೂರ್ತಿ ಬಿಟ್ಟೆ. ಸದ್ದು ನಿಂತಿತು ಅಂತ ನಂಬದೆ ವಾಲ್ವ್ ಕೋರ್ ತಿರುಚಿ ಹೊರತೆಗೆದೆ. ಇದೊಂದರಲ್ಲಿ ಅವಸರ ಮಾಡಬೇಡಿ. ಗ್ಯಾಸ್ ಉಳಿದಿರುವಾಗ ತಂತಿ ರಿಂಗ್ ಎಬ್ಬಿಸಿದರೆ ಸೀಲ್ ಹೆಡ್, ಶಾಫ್ಟ್, ಎಣ್ಣೆ ಎಲ್ಲ ಗುಂಡಿನಂತೆ ಬರುತ್ತದೆ.

ಸೀಲ್ ಹೆಡ್ಡನ್ನು ಸ್ವಲ್ಪ ಒಳಗೆ ತಟ್ಟಿ, ಹರಿತವಾದ ಸಣ್ಣ ಸ್ಕ್ರೂಡ್ರೈವರ್‌ನಿಂದ ರಿಂಗ್ ಬಿಡಿಸಿ, ಶಾಫ್ಟ್ ಎಳೆದೆ. ಮೊದಲನೆಯದರಿಂದ ಬಂದದ್ದು ಎಣ್ಣೆಯಂತಿರಲಿಲ್ಲ. ಹಾಲು ಕಡಿಮೆ ಹಾಕಿದ ಕಾಫಿಯ ಬಣ್ಣ, ನೊರೆ, ಜತೆಗೆ ಸುಟ್ಟ ವಾಸನೆ. ನೀರು ಹೊಕ್ಕಿತ್ತು, ತೇಲುವ ಪಿಸ್ಟನ್ನಿನ ಓ-ರಿಂಗ್ (ರಬ್ಬರ್ ಬಳೆ) ಸವೆದು ಗ್ಯಾಸ್ ಎಣ್ಣೆಯೊಳಗೆ ಬೆರೆತಿತ್ತು. ನೊರೆಯನ್ನು ಪಿಸ್ಟನ್ ಹೇಗೆ ತಡೆದೀತು? ಬಿಸಿಯಾದಂತೆ ಗಾಡಿ ಕುಣಿಯುತ್ತಿದ್ದುದರ ಗುಟ್ಟು ಅದೇ. ಉಳಿದ ಮೂರರ ಎಣ್ಣೆ ಬೂದು ಬಣ್ಣಕ್ಕೆ ತಿರುಗಿತ್ತು, ಅಷ್ಟೆ.

ಪಿಸ್ಟನ್ನಿನ ಎರಡೂ ಕಡೆ ತೆಳು ಉಕ್ಕಿನ ಬಿಲ್ಲೆಗಳು, ಶಿಮ್ ಅನ್ನುತ್ತಾರೆ, ಒಂದರ ಮೇಲೊಂದು ಪೇರಿಸಿರುತ್ತವೆ. ಶಾಕ್ ಗಟ್ಟಿಯೋ ಮೆತ್ತಗೋ ಅನ್ನುವುದನ್ನು ಇವುಗಳ ದಪ್ಪ ಮತ್ತು ಕ್ರಮವೇ ತೀರ್ಮಾನಿಸುತ್ತದೆ. ಶಾಫ್ಟಿನ ಕಣ್ಣಿನ (ಗಾಡಿಗೆ ಸಿಕ್ಕಿಸುವ ಬಳೆಯ) ಕಡೆಯವು ಶಾಕ್ ಒಳಹೋಗುವಾಗ ಬಾಗುತ್ತವೆ, ನಟ್ ಕಡೆಯವು ಹೊರಬರುವಾಗ. ನಟ್ ಬಿಚ್ಚುತ್ತಿದ್ದಂತೆ ಎಲ್ಲವನ್ನೂ ಇದ್ದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿದೆ, ಫೋಟೊ ತೆಗೆದೆ, ಆದರೂ ಎರಡನೆಯ ಶಾಕ್‌ನಲ್ಲಿ ಒಂದು ಬಿಲ್ಲೆ ಜಾರಿ ಕಾಫಿ ಕಣದ ಕಡೆ ಉರುಳಿತು. ಮಗಳು ಆಯಸ್ಕಾಂತ ತಂದು ಹುಡುಕಿಕೊಟ್ಟಳು. ಬಿಳಿ ಬೆಡ್‌ಶೀಟ್ ಹಾಸಿ ಅದರ ಮೇಲೆ ಕೂರಿ. ಹಳೆಯ ಬೆಡ್‌ಶೀಟ್, ಮನೆಯವರನ್ನು ಕೇಳಿ.

ಗುಳಿ ಬಿದ್ದ ಶಾಫ್ಟನ್ನು ಪೀಣ್ಯದ ಹಾರ್ಡ್ ಕ್ರೋಮ್ ಮಾಡುವವರಲ್ಲಿಗೆ ಒಯ್ದೆ. ಮೊದಲ ಎರಡು ಕಡೆ ‘ಐವತ್ತು ಪೀಸ್ ಇದ್ರೆ ತನ್ನಿ’ ಅಂದರು. ಮೂರನೆಯವರು ಒಪ್ಪಿ, ‘ಡ್ರಾಯಿಂಗ್ ಕೊಡಿ ಸಾರ್’ ಅಂದರು. ಡ್ರಾಯಿಂಗ್ ಎಲ್ಲಿಂದ ತರಲಿ? ಅವರ ಮೇಜಿನ ಮೇಲೆಯೇ ಅವರದೇ ಮೈಕ್ರೋಮೀಟರ್‌ನಲ್ಲಿ ಚೆನ್ನಾಗಿರುವ ಶಾಫ್ಟ್ ಅಳೆದು, 15.87 ಮಿಲಿಮೀಟರ್ ಅಂತ ಬರೆದು, ಕ್ರೋಮ್ ಹತ್ತದಂತೆ ಮರೆ ಹಾಕಬೇಕಾದ ತಿರುಪಿನ ಭಾಗಕ್ಕೆ ಗೆರೆ ಹೊಡೆದು ಕೊಟ್ಟೆ. ಹಳೆ ಕ್ರೋಮ್ ತೆಗೆದು, ಹೊಸದು ಕೂರಿಸಿ, ಮತ್ತೆ ಅದೇ ಅಳತೆಗೆ ಗ್ರೈಂಡಿಂಗ್ ಮಾಡಬೇಕು. ಕ್ರೋಮ್ ಆದ ಮೇಲೆ ಓವನ್‌ನಲ್ಲಿ ಬಿಸಿ ಮಾಡುತ್ತೀರಾ ಅಂತ ಮರೆಯದೆ ಕೇಳಿ. ಲೇಪನದ ಹೊತ್ತಿನಲ್ಲಿ ಉಕ್ಕಿನೊಳಗೆ ಸೇರುವ ಹೈಡ್ರೋಜನ್ ಹೊರಹೋಗದಿದ್ದರೆ ಗಟ್ಟಿ ಉಕ್ಕು ಬಿರುಕು ಬಿಡುತ್ತದೆ. ಒಂದೇ ಪೀಸಾದ್ದರಿಂದ ದೊಡ್ಡ ಆರ್ಡರುಗಳ ನಡುವೆ ಅದು ಮೂಲೆ ಸೇರಿತು. ನಾಲ್ಕು ದಿನ ಅಂದದ್ದು ಇಪ್ಪತ್ಮೂರು ದಿನವಾಯಿತು. ಬಂದಾಗ ಮಾತ್ರ ಕನ್ನಡಿಯಂತಿತ್ತು.

ಎಣ್ಣೆಯ ವಿಚಾರ ಒಂದು ಸಣ್ಣ ಎಚ್ಚರಿಕೆ: ಡಬ್ಬಿಯ ಮೇಲೆ 5ಡಬ್ಲ್ಯು (ಎಣ್ಣೆ ಎಷ್ಟು ಮಂದ ಅನ್ನುವ ಗುರುತು) ಅಂತ ಇದ್ದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ, ಒಂದು ಕಂಪನಿಯ 5 ಇನ್ನೊಂದರ 10ರಷ್ಟು ಮಂದ ಇರಬಹುದು. 40 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಎಷ್ಟು ಅನ್ನುವ ಅಂಕಿಯನ್ನು ಹೋಲಿಸಿ ಕೊಳ್ಳಿ. ನಾಲ್ಕಕ್ಕೂ ಸೇರಿ ಎರಡು ಲೀಟರ್ ಸಾಕಾಯಿತು.

ಏಪ್ರಿಲ್ ಮೊದಲ ವಾರ ಕಟ್ಟಿದೆ. ತೇಲುವ ಪಿಸ್ಟನ್ ಹೇಳಿದ ಆಳಕ್ಕೆ ಕೂರಿಸಿ, ಎಣ್ಣೆ ತುಂಬಿ, ಪಿಸ್ಟನ್ ಇಳಿಸಿ, ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತ, ಮರದ ಸುತ್ತಿಗೆಯಿಂದ ಮೈ ತಟ್ಟುತ್ತ ಗುಳ್ಳೆ ಬರುವುದು ನಿಲ್ಲುವವರೆಗೆ ಕಾಯಬೇಕು. ಹತ್ತು ನಿಮಿಷ ಅಂದುಕೊಂಡಿದ್ದೆ, ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ‘ಮಗೂಗೆ ತೇಗು ಬರಿಸಿದ ಹಾಗಿದೆ ಕಣೋ’ ಅಂದರು.

ಇನ್ನು ನೈಟ್ರೋಜನ್. ಟೈರ್ ಅಂಗಡಿಯಲ್ಲಿ ಸಿಗುತ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಅವರ ಮೆಷಿನ್ ಟೈರಿಗೆ ಬೇಕಾದಷ್ಟು ಒತ್ತಡ ಕೊಡುತ್ತದೆ, 200 ಪಿಎಸ್‌ಐ ಹತ್ತಿರವೂ ಬರಲಿಲ್ಲ. ‘ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿದ್ರೆ ಆಗಲ್ವಾ’ ಅಂತ ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಬೇಡ! ಒತ್ತಡದ ಆಕ್ಸಿಜನ್ ಎಣ್ಣೆಗೆ ತಗುಲಿದರೆ ಸ್ಫೋಟವಾಗುತ್ತದೆ. ಕೊನೆಗೆ ಹೊಳೆದದ್ದು ಏಸಿ ಮೆಕ್ಯಾನಿಕ್. ಪೈಪಿನ ಸೋರಿಕೆ ಹುಡುಕಲು ಅವರ ಬಳಿ ನೈಟ್ರೋಜನ್ ಸಿಲಿಂಡರ್, ರೆಗ್ಯುಲೇಟರ್ ಎರಡೂ ಇರುತ್ತವೆ. ಆದರೆ ಏಪ್ರಿಲ್‌ನಲ್ಲಿ ಏಸಿಯವರನ್ನು ಹಿಡಿಯುವುದೂ ಮದುವೆ ಸೀಸನ್‌ನಲ್ಲಿ ಅಡಿಗೆಯವರನ್ನು ಹಿಡಿಯುವುದೂ ಒಂದೇ. ಐದು ದಿನ ಬೆನ್ನುಬಿದ್ದ ಮೇಲೆ ಹಾಸನದಲ್ಲಿ ಒಬ್ಬರು ರಾತ್ರಿ ಒಂಬತ್ತಕ್ಕೆ ಬನ್ನಿ ಅಂದರು. ಹೋದರೆ ಅವರ ಹೋಸಿನ ಬಾಯಿ ನನ್ನ ವಾಲ್ವಿಗೆ ಕೂರಲಿಲ್ಲ. ಏಸಿಯ ತಿರುಪೇ ಬೇರೆ, ಟೈರ್ ವಾಲ್ವಿನ ತಿರುಪೇ ಬೇರೆ. ಲೇತ್‌ನವರಲ್ಲಿ ಹಿತ್ತಾಳೆಯ ಜೋಡಣೆ ಮಾಡಿಸಿಕೊಂಡು ಎರಡು ದಿನ ಬಿಟ್ಟು ಮತ್ತೆ ಹೋದೆ.

ಮೊದಲು 50 ಪಿಎಸ್‌ಐ ಕೊಟ್ಟು ಸೀಲ್ ಹೆಡ್ ರಿಂಗಿಗೆ ಸರಿಯಾಗಿ ಆತುಕೊಂಡಿದೆಯಾ ನೋಡಿ, ಆಮೇಲೆ 200ಕ್ಕೆ ಏರಿಸಿದೆವು. ತುಂಬಿಸಿದ ಮೇಲೆ ಟೈರ್ ಗೇಜ್ ಹಿಡಿದು ಪರೀಕ್ಷಿಸಲು ಹೋಗಬೇಡಿ. ಒಳಗಿರುವ ಗ್ಯಾಸ್ ಒಂದು ಲೋಟದಷ್ಟೂ ಇಲ್ಲ, ಗೇಜಿನೊಳಗೆ ನುಗ್ಗುವ ಗಾಳಿಯಿಂದಲೇ ಒತ್ತಡ ಇಳಿದುಹೋಗುತ್ತದೆ.

ಮೂರು ಒಣಗಿ ನಿಂತವು. ನಾಲ್ಕನೆಯದು, ಹೊಸ ಕ್ರೋಮ್ ಮಾಡಿಸಿದ್ದೇ, ಬೆಳಗಾಗುವುದರೊಳಗೆ ಶಾಫ್ಟಿನ ಬುಡದಲ್ಲಿ ಎಣ್ಣೆ ಕಟ್ಟಿಕೊಂಡಿತ್ತು. ಸಿಟ್ಟು ನೆತ್ತಿಗೇರಿತು. ಪೀಣ್ಯದವರಿಗೆ ಫೋನ್ ಹಚ್ಚಿ ಬೈಯುವುದೊಂದು ಬಾಕಿ. ಬಿಚ್ಚಿ ನೋಡಿಯೇ ಬೈಯೋಣ ಅಂತ ಬಿಚ್ಚಿದೆ. ಕ್ರೋಮ್‌ಗೆ ಏನೂ ಆಗಿರಲಿಲ್ಲ. ಸೀಲಿನ ತುಟಿಯಲ್ಲಿ ಕೂದಲೆಳೆಯಷ್ಟು ಸೀಳು. ಶಾಫ್ಟಿನ ತಿರುಪಿನ ಮೇಲಿಂದ ಸೀಲ್ ಹೆಡ್ ತೂರಿಸುವಾಗ ಉಳಿದ ಮೂರಕ್ಕೆ ಟೇಪ್ ಸುತ್ತಿ ಎಣ್ಣೆ ಸವರಿದ್ದೆ, ಇದಕ್ಕೆ ಮಾತ್ರ ಕತ್ತಲಾಗುತ್ತಿದೆ ಅಂತ ಹಾಗೇ ತಳ್ಳಿದ್ದೆ. ಜೆಸಿಬಿ ಸೀಲ್ ಮಾರುವ ಅಂಗಡಿಯಲ್ಲಿ ಓ-ರಿಂಗ್ ಸಿಕ್ಕಿತು, ಇಂಚಿನ ಅಳತೆಯ ಆ ಸೀಲ್ ಸಿಗಲಿಲ್ಲ. ಮತ್ತೆ ಕಿಟ್, ಮತ್ತೆ ಕಸ್ಟಮ್ಸ್, ಮತ್ತೆ ಮೂರು ವಾರ. ನಾಲ್ಕು ಶಾಕ್ ಇದ್ದರೆ ಐದು ಕಿಟ್ ತರಿಸಿ.

ಖರ್ಚಿನ ಲೆಕ್ಕ ಡೈರಿಯಿಂದ: ನಾಲ್ಕು ಕಿಟ್ ಮತ್ತು ಸಾಗಣೆ 11,400, ಸುಂಕ ಮತ್ತು ಕೊರಿಯರ್‌ನವರ ಶುಲ್ಕ 4,650, ಐದನೇ ಕಿಟ್ ಎಲ್ಲ ಸೇರಿ 3,900, ಎಣ್ಣೆ 2,600, ಕ್ರೋಮ್ 2,200, ಬುಷ್ 1,600, ಶಾಫ್ಟಿಗೆ ಗೀರು ಬೀಳದಂತೆ ವೈಸ್‌ಗೆ ಅಲ್ಯೂಮಿನಿಯಂ ಹಿಡಿತ 900, ಹಿತ್ತಾಳೆ ಜೋಡಣೆ 350, ಎರಡು ಸಲ ಗ್ಯಾಸಿಗೆ 1,000. ಒಟ್ಟು 28,600 ರೂಪಾಯಿ. ಬೆಂಗಳೂರಿಗೆ ಎರಡು ಸಲ ಹೋಗಿಬಂದ ಬಸ್ ಚಾರ್ಜು ಬೇರೆ. ಮುಂದಿನ ಸಲ ಕ್ರೋಮ್, ವೈಸ್ ಹಿಡಿತ, ಜೋಡಣೆ, ದಡ್ಡತನದ ಕಿಟ್ ಇವೆಲ್ಲ ಇರುವುದಿಲ್ಲ.

ಹಳೆ ಎಣ್ಣೆಯನ್ನು ಬೇಲಿ ಗೂಟಕ್ಕೆ ಬಳಿದರೆ ಗೆದ್ದಲು ಹಿಡಿಯುವುದಿಲ್ಲ ಅಂತ ಅಪ್ಪನ ವಾದ. ನಮ್ಮ ತೋಟದ ನೀರು ಹರಿದು ಸೇರುವುದು ಹೇಮಾವತಿಗೆ, ನದಿ ಹುಟ್ಟುವ ತಾಲ್ಲೂಕಿನಲ್ಲೇ ಕೂತು ಅದಕ್ಕೆ ಎಣ್ಣೆ ಬಿಡುವುದು ನನಗೆ ಸರಿಕಾಣಲಿಲ್ಲ. ಕ್ಯಾನಿಗೆ ಹಾಕಿ ಗ್ಯಾರೇಜಿನವರ ಹಳೆ ಆಯಿಲ್ ಡ್ರಮ್ಮಿಗೆ ಸುರಿದು ಬಂದೆ. ಅಪ್ಪ ಇನ್ನೂ ಮುನಿಸಿಕೊಂಡಿದ್ದಾರೆ.

ಮೇ ಮಧ್ಯದಲ್ಲಿ ನಾಲ್ಕೂ ಗಾಡಿಗೆ ಏರಿದವು. ಈ ಸಲ ಮಳೆಯೂ ಕಾಯಲಿಲ್ಲ, ಮೇ ಕೊನೆಯ ವಾರಕ್ಕೇ ಹಿಡಿದುಕೊಂಡಿತು. ಐದು ಮೂಟೆ ಯೂರಿಯಾ ಹೇರಿ ಅದೇ ದಾರಿಯಲ್ಲಿ ಮೂರು ಟ್ರಿಪ್ ಹೊಡೆದು ಇಳಿದು ಮುಟ್ಟಿ ನೋಡಿದೆ, ನಾಲ್ಕೂ ಒಂದೇ ಬಿಸಿ. ರೈಟರ್ ಹಿಂದಿನ ಸೀಟಿನಲ್ಲಿ ಕಂಬಿ ಹಿಡಿಯದೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಈಗ ಪ್ರತಿ ಭಾನುವಾರ ಹಳೇ ಬನಿಯನ್ ಚೂರಿನಲ್ಲಿ ನಾಲ್ಕೂ ಶಾಫ್ಟ್ ಒರೆಸಿ, ತಾರೀಖು ಬರೆದಿಡುತ್ತೇನೆ. ಮೊನ್ನೆ ಹಿಂದಿನ ಬಲಗಡೆಯದರಲ್ಲಿ ಮಾತ್ರ ಬಟ್ಟೆ ಸ್ವಲ್ಪ ಜಿಡ್ಡಾಯಿತು. ಪಸೆಯೇ, ಹನಿಯಲ್ಲ. ಮುಂದಿನ ಭಾನುವಾರ ಮತ್ತೆ ನೋಡಬೇಕು.